ದುಂಡನೆಯ ಗುಂಡಿ

ಪುಟ್ಟಸ್ವಾಮಿ ಹೊಳೆ ದಾಟುವ ಕಡವಿನ ದಡದಲ್ಲಿ ಹಾರೆ ಹಾಕಿ ದುಂಡಗೆ ಗುಂಡಿ ತೋಡತೊಡಗಿದ್ದ. ಗುರುಗಳನ್ನು ಕೂರಿಸಿ ಹೂಳುವಂಥ ಗುಂಡಿ.

ರಂಗಮ್ಮ ಗಂಡನ ಹೆಣದ ಪಕ್ಕದಿಂದ ಎದ್ದು ಬಂದಳು. "ಇದ್ಯಾಕಪ್ಪ ಇಲ್ಲಿ? ಹೊಲದಲ್ಲಿ, ನಮ್ಮ ಮಗು ಸಮಾಧಿ ಪಕ್ಕ ಅಂತ ನಾನು ಅಂದಿದ್ನಲ್ಲ. ನಾಳೆ ನಂಗೂ ಅಲ್ಲೇ ಜಾಗ."

"ಅಕ್ಕ, ಸಣ್ಣಸ್ವಾಮಣ್ಣ ಇನ್ನು ನಿನ್ನೊಬ್ಬಳ ಸ್ವತ್ತಲ್ಲ. ನಲವತ್ತು ಮಳೆಗಾಲ ತೆಪ್ಪ ಹಾಕಿ ಒಂದು ಜೀವಾನೂ ಮುಳುಗಿಸ್ಲಿಲ್ಲ. ಚೀಫ್ ಕಮಿಷನರಿಗೆ ಅರ್ಜಿ ಕೊಟ್ಟಾದ್ರೂ ಇಲ್ಲೇ ಗದ್ದುಗೆ ಕಟ್ತೀವಿ."

"ಗದ್ದುಗೆ ಪಕ್ಕ ಹೆಂಡ್ತೀನ ಹೂಳ್ತಾರಾ?"

ಪುಟ್ಟಸ್ವಾಮಿ ಮತ್ತೆ ಹಾರೆ ಎತ್ತಿದ. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಪೇತ್ರು ಛತ್ರಿ ಮಡಚಿದ. "ನಮ್ಮ ಕ್ರೈಸ್ತರ ಇಗರ್ಜಿಯಲ್ಲಿ ಇದಕ್ಕೆ ಸಂತ ಪದವಿ ಕೊಡೋದು ಅಂತಾರೆ. ಒಂದೇ ಬೆಳಿಗ್ಗೇಲಿ ಕೊಡಲ್ಲ, ಪುಟ್ಟಸ್ವಾಮಿ. ವರ್ಷಗಟ್ಟಲೆ ವಿಚಾರಣೆ. ಸತ್ತವರ ತಪ್ಪು ಹುಡುಕೋಕೇ ಒಬ್ಬನ್ನ ಇಟ್ಟಿರ್ತಾರೆ."

"ತಪ್ಪು ಸಿಕ್ಕಿದ್ರೆ?"

"ಸಂತ ಅಲ್ಲ. ಹೆಂಡ್ತಿ ಮಕ್ಕಳ ಮನುಷ್ಯ, ಅಷ್ಟೆ."

"ಹಂಗಾದ್ರೆ ಆ ಕೆಲ್ಸ ಹೆಂಡ್ತೀರಿಗೇ ಕೊಡ್ಬೇಕು," ಎಂದಳು ನೆರೆಮನೆಯ ಹುಚ್ಚಮ್ಮ. "ನಮ್ಮನೆಯವ್ರ ಪಟ್ಟಿ ನಂಗೆ ಬಾಯಿಪಾಠ."

ಪುಟ್ಟಸ್ವಾಮಿ ನಕ್ಕ. "ಹೇಳಕ್ಕ. ಅಣ್ಣಂದು ಒಂದೇ ಒಂದು ತಪ್ಪು ಹೇಳು. ಗುಂಡಿ ಮುಚ್ತೀನಿ."

*

ಹದಿನಾರು ವರ್ಷದ ಹಿಂದೆ, ಜಡಿಮಳೆಯ ಆಟಿ ತಿಂಗಳ ಒಂದು ಬೆಳಿಗ್ಗೆ. ಮಗಳಿಗೆ ಜ್ವರ ನೆತ್ತಿಗೇರಿತ್ತು. ಡಾಕ್ಟರು ಆಚೆ ದಡದಲ್ಲಿ. ಹೊಳೆಯಲ್ಲಿ ಬುಡಸಮೇತ ಮರಗಳು ತೇಲಿ ಬರುತ್ತಿದ್ದವು. ಸಣ್ಣಸ್ವಾಮಿ ಮಗುವನ್ನು ಕಂಬಳಿಯಲ್ಲಿ ಸುತ್ತಿಕೊಂಡು ತೆಪ್ಪದ ಹಗ್ಗ ಬಿಚ್ಚಿದ.

ರಂಗಮ್ಮ ಅವನ ಪಂಚೆಯ ಅಂಚು ಹಿಡಿದು ಕೆಸರಿನಲ್ಲಿ ಕೂತುಬಿಟ್ಟಳು. "ಇಬ್ರೂ ಹೋದ್ರೆ ನಾನೇನ್ಮಾಡ್ಲಿ?"

ಅವನು ಎರಡು ಸಲ ಎಳೆದ. ಅವಳು ಬಿಡಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮಗು ತಣ್ಣಗಾಯಿತು. ಯಾರು ಕೇಳಿದರೂ ಅವನು, "ಹೊಳೆ ಬಿಡಲಿಲ್ಲ" ಎನ್ನುತ್ತಿದ್ದ. ಅವಳ ಮುಂದೆ ಆ ಮಾತನ್ನೂ ಎತ್ತಲಿಲ್ಲ.

*

"ಹೆದರಿದ್ರು," ಎಂದಳು ರಂಗಮ್ಮ. "ಮಗು ಸಾಯ್ತಿತ್ತು. ತೆಪ್ಪ ಹಾಕಿ ಅಂತ ಕಾಲು ಹಿಡಿದೆ. ತಮ್ಮ ಜೀವಕ್ಕೆ ಹೆದರಿ ಹಾಕ್ಲಿಲ್ಲ."

ಹುಚ್ಚಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಪುಟ್ಟಸ್ವಾಮಿ ಹೆಣದ ಕಡೆ ನೋಡಲಿಲ್ಲ; ಮಣ್ಣನ್ನು ಕಾಲಿನಿಂದಲೇ ಗುಂಡಿಗೆ ನೂಕಿದ. ಸೇರಿದ್ದವರಲ್ಲಿ ಅರ್ಧ ಜನ ಮನೆಯ ದಾರಿ ಹಿಡಿದರು.

ಹೊಲದಲ್ಲಿ ಉದ್ದಕ್ಕೆ ತೋಡಿದ ಗುಂಡಿಗೆ ಹೆಣ ಇಳಿಸಿದಾಗ ರಂಗಮ್ಮ ಬಗ್ಗಿ ಪಂಚೆಯ ಅಂಚು ಹಿಡಿದುಕೊಂಡಳು.

"ಬಿಡಮ್ಮ," ಎಂದ ಪೇತ್ರು. "ಮಣ್ಣು ಹಾಕ್ಬೇಕು."

ಮೊದಲ ಹಿಡಿ ಮಣ್ಣು ಅವಳ ಮುಂಗೈಯ ಮೇಲೇ ಬಿತ್ತು. ಮುಷ್ಟಿ ಬಿಚ್ಚಲಿಲ್ಲ.