ಹದಿನೇಳಕ್ಕನ ಎರಡು ಸೀಟಿನ ಕಾರು

ನಮ್ಮ ಬಸ್ ಡಿಪೋದಲ್ಲಿ ಯಾರು ಯಾವ ಬಸ್ಸು, ಎಷ್ಟು ಗಂಟೆಗೆ ಎಂದು ಬರೆದು ಗೋಡೆಗೆ ಅಂಟಿಸುವ ಗುಮಾಸ್ತ ನಾನು. ಯಾರಿಗೆ ಜ್ವರ, ಯಾರ ಮನೆಗೆ ನೆಂಟರು, ಯಾರು ಯಾರ ಮೇಲೆ ಮುನಿಸಿಕೊಂಡು ಪಾಳಿ ಬದಲಿಸಿ ಎನ್ನುತ್ತಾರೆ, ಎಲ್ಲವೂ ನನ್ನ ಕಿವಿಗೆ ಬಿದ್ದೇ ಬೀಳುತ್ತದೆ. ಹದಿನೇಳನೇ ನಂಬರಿನ ದಾರಿಯಲ್ಲಿ ಇಪ್ಪತ್ತಾರು ವರ್ಷ ಬಸ್ಸು ಓಡಿಸಿದ ಹೆಂಗಸಿನ ಕತೆಯೂ ಹಾಗೆಯೇ ನನಗೆ ಗೊತ್ತಾದದ್ದು. ಅರ್ಧ ಕಣ್ಣಾರೆ ಕಂಡದ್ದು, ಅರ್ಧ ಆಕೆಯೇ ಹೇಳಿದ್ದು. ನಾವೆಲ್ಲ ಆಕೆಯನ್ನು ಹದಿನೇಳಕ್ಕ ಎನ್ನುತ್ತಿದ್ದೆವು. ಎದುರಿಗೂ ಹಾಗೆಯೇ ಕರೆಯುತ್ತಿದ್ದೆವು, ಆಕೆ ಬೇಸರ ಪಟ್ಟುಕೊಂಡವಳಲ್ಲ.

ವಯಸ್ಸು ಐವತ್ತನಾಲ್ಕು. ಗಂಡ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕುಳಿತು ಗಾಜು ಉಜ್ಜುವ ಕೆಲಸದವರು, ಮಾತು ಕಡಿಮೆ. ಮಗಳು ಮದುವೆಯಾಗಿ ಬೇರೆ ಊರಲ್ಲಿದ್ದಳು. ಮನೆಯಲ್ಲಿ ಎಂಟು ಜನ ಕೂರುವ ಒಂದು ದೊಡ್ಡ ಕಾರಿತ್ತು. ಕಾರು ಆಕೆಯದು, ಆದರೆ ಅದರ ಮೇಲೆ ಅಧಿಕಾರ ಇಡೀ ಬಂಧುಬಳಗದ್ದು. ಅಣ್ಣನ ಬೀಗರನ್ನು ಸ್ಟೇಷನ್ನಿನಿಂದ ಕರೆತರಬೇಕು, ನಾದಿನಿಯ ಮಗಳನ್ನು ಪರೀಕ್ಷೆಗೆ ಬಿಡಬೇಕು, ಚಿಕ್ಕಪ್ಪನ ಹಳೆ ಬೀರು ಸಾಗಿಸಬೇಕು. ವಾರವೆಲ್ಲ ಬೆನ್ನ ಹಿಂದೆ ಅರವತ್ತು ಜನರನ್ನು ಹೊತ್ತು ತಿರುಗಿದವಳಿಗೆ ರಜೆಯ ದಿನ ಇನ್ನೂ ಏಳು ಜನ. ಹೇಗೂ ಬಸ್ಸೇ ಓಡಿಸುತ್ತಾಳೆ, ಇದೇನು ಮಹಾ ಎಂಬುದು ಎಲ್ಲರ ಲೆಕ್ಕಾಚಾರ.

ಗಂಡನ ಅಂಗಡಿಗೆ ಚೀಟಿ ಬರೆದು ಕಳಿಸುತ್ತಿದ್ದ ಕಣ್ಣಿನ ಡಾಕ್ಟರೊಬ್ಬರ ಬಳಿ ಎರಡೇ ಸೀಟಿನ ಸಣ್ಣ ಸ್ಪೋರ್ಟ್ಸ್ ಕಾರಿತ್ತು. ಇಟ್ಟಿಗೆ ಬಣ್ಣ, ಬಟ್ಟೆಯ ಮಾಡು, ವಯಸ್ಸು ಇಪ್ಪತ್ತು ದಾಟಿತ್ತು. ಡಾಕ್ಟರಿಗೆ ಮಂಡಿ ನೋವು ಶುರುವಾಗಿತ್ತು. ಒಂದು ಸಂಜೆ ಗಂಡನನ್ನು ಕರೆದೊಯ್ಯಲು ಬಂದ ಹದಿನೇಳಕ್ಕನ ಮುಂದೆ ಅವರು ಗೋಳು ತೋಡಿಕೊಂಡರು.

"ಕೂರೋದು ಕಷ್ಟ ಅಲ್ಲಮ್ಮ, ಏಳೋದು ಕಷ್ಟ. ಆಸ್ಪತ್ರೆ ಬಾಗಿಲಲ್ಲಿ ಇಬ್ಬರು ನನ್ನನ್ನ ಎಳೆದು ಹೊರಗೆ ತೆಗೀತಾರೆ. ಅದನ್ನ ನೋಡಿದ ರೋಗಿ ನನ್ನ ಕೈಗೆ ಕಣ್ಣು ಕೊಡ್ತಾನಾ?"

ಮೊಮ್ಮಕ್ಕಳನ್ನು ಕೂರಿಸಿಕೊಂಡು ಹೋಗಲು ದೊಡ್ಡದೊಂದು ಗಾಡಿ ಹುಡುಕುತ್ತಿದ್ದೇನೆ ಎಂದೂ ಹೇಳಿದರು. ಹದಿನೇಳಕ್ಕ ಸುಮ್ಮನೆ ಒಮ್ಮೆ ಆ ಕಾರಿನೊಳಗೆ ಕುಳಿತಳು. ಬಸ್ಸಿನ ಗೇರು ಹಾಕಲು ಭುಜ ಬೇಕು, ಇದಕ್ಕೆ ಮಣಿಕಟ್ಟು ಸಾಕಾಗಿತ್ತು. ಹಿಂತಿರುಗಿ ನೋಡಿದರೆ ಹಿಂದೆ ಸೀಟೇ ಇಲ್ಲ. ಯಾರೂ ಇಲ್ಲ. ಮೂರು ದಿನದಲ್ಲಿ ಇಬ್ಬರೂ ಕಾರು ಅದಲುಬದಲು ಮಾಡಿಕೊಂಡರು. ಮನೆಯಲ್ಲಿ ಆಕೆ ಯಾರನ್ನೂ ಕೇಳಲಿಲ್ಲ.

ಸುದ್ದಿ ತಿಳಿದ ಕೂಡಲೇ ಅಣ್ಣ ಬಂದ. ಒಳಗೆ ಬರದೆ ಅಂಗಳದಲ್ಲೇ ಕಾರನ್ನು ಒಂದು ಸುತ್ತು ಹಾಕಿ, ಮುಂದಿನ ತಿಂಗಳು ಬೀಗರು ಬರುವವರಿದ್ದಾರೆ, ಈಗ ಅವರನ್ನು ತಲೆಯ ಮೇಲೆ ಹೊತ್ತು ತರಲೇ ಎಂದು ರೇಗಿದ. ಈ ವಯಸ್ಸಿನಲ್ಲಿ ಇದೇನು ಹುಡುಗಾಟ, ಮನೆತನದ ಮರ್ಯಾದೆ ಏನಾಗಬೇಕು ಎಂದ. ಹದಿನೇಳಕ್ಕ ಅವನಿಗೆ ನೀರು ತಂದುಕೊಟ್ಟು ಹೇಳಿದಳು:

"ನಿಮ್ಮ ಮನೆ ಎದುರೇ ಬಸ್ ಸ್ಟಾಪ್ ಇದೆ ಅಣ್ಣ. ಹದಿನೇಳನೇ ನಂಬರ್. ನಾನೇ ಓಡಿಸ್ತೀನಿ. ಬೀಗರಿಗೂ ಟಿಕೆಟ್ ತಗೊಂಡು ಹತ್ತು."

ಅಣ್ಣ ನೀರು ಕುಡಿಯದೆ ಹೋದ. ಗಂಡ ಮರುದಿನದಿಂದ ಅಂಗಡಿಗೆ ನಡೆದುಕೊಂಡೇ ಹೋಗತೊಡಗಿದರು.

ಆ ಕಾರು ಮೊದಲ ಸಲ ಡಿಪೋಗೆ ಬಂದ ಬೆಳಗ್ಗೆ ನಾನು ಕಿಟಕಿಯಲ್ಲೇ ಇದ್ದೆ. ಸಾಲಾಗಿ ನಿಂತ ಬಸ್ಸುಗಳ ಮುಂದೆ ಅದು ಚಕ್ರದಷ್ಟೇ ಎತ್ತರ ಕಾಣುತ್ತಿತ್ತು. ಹೆಡ್ ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ ಬಂದು, ಇದು ಯಾವ ಬಸ್ಸಿನ ಮರಿ ಎಂದು ಕೇಳಿದ. ಎಲ್ಲರೂ ನಕ್ಕರು, ಆಕೆಯೂ ನಕ್ಕಳು. ಖಾಕಿ ಕೋಟು ಹೆಗಲಿಗೆ ಹಾಕಿಕೊಂಡು, ಊಟದ ಡಬ್ಬಿ ಕೈಯಲ್ಲಿ ಹಿಡಿದು, ಬಾಗಿಲಿಗೆ ಒಂದು ಕೈ ಊರಿ ಆಕೆ ಮೇಲೇಳುವುದನ್ನು ನೋಡಿದರೆ ಬಾವಿಯಿಂದ ಯಾರೋ ಹತ್ತಿ ಬಂದಂತಿತ್ತು.

ಮನೆಯಿಂದ ಡಿಪೋಗೆ ಹನ್ನೊಂದು ಕಿಲೋಮೀಟರ್. ದಿನಾ ಓಡಾಡಲು ಅದೇನೂ ಸುಖದ ಗಾಡಿಯಾಗಿರಲಿಲ್ಲ. ಮಳೆ ಬಂದರೆ ಮಾಡಿನ ಹೊಲಿಗೆಯಿಂದ ಎಡತೋಳಿನ ಮೇಲೆ ತೊಟ್ಟಿಕ್ಕುತ್ತಿತ್ತು. ಸಣ್ಣ ಹಳ್ಳವೂ ಸೊಂಟಕ್ಕೆ ತಿಳಿಯುತ್ತಿತ್ತು. ಲಾರಿಗಳ ಮಧ್ಯೆ ಸಿಕ್ಕಿಕೊಂಡರೆ ಬರೀ ಟೈರುಗಳೇ ಕಾಣುತ್ತಿದ್ದವು. ಬಸ್ಸಿನಲ್ಲಿ ಊರಿನ ಮಾಡುಗಳನ್ನು ನೋಡುತ್ತ ಕೂರುವವಳಿಗೆ ಅದೊಂದು ಬೇರೆಯೇ ಊರು. ಯಾಕಕ್ಕ ಈ ಕಷ್ಟ ಎಂದು ಒಮ್ಮೆ ಕೇಳಿದೆ. ಮಧ್ಯಾಹ್ನ ಪಾಳಿ ಮುಗಿದ ಮೇಲೆ ಮಾಡು ಮಡಚಿ ಹೋಗುವಾಗ ಗಾಳಿ ಹೇಗೆ ಬರುತ್ತದೆ ಗೊತ್ತಾ ಎಂದಳು. ಅಷ್ಟೇ ಉತ್ತರ.

ತೊಂದರೆ ಶುರುವಾದದ್ದು ಮ್ಯಾನೇಜರರಿಂದ. ಅವರು ಬಂದು ಎಂಟು ತಿಂಗಳಾಗಿತ್ತು. ನೋಟಿಸು ಹೊರಡಿಸದೆ ಅವರಿಗೆ ಊಟ ಸೇರುತ್ತಿರಲಿಲ್ಲ. ಒಂದು ದಿನ ನನ್ನನ್ನು ಕರೆದು, ಸಿಬ್ಬಂದಿಯ ಸ್ವಂತ ವಾಹನಗಳು ಸಂಸ್ಥೆಯ ಘನತೆಗೆ ತಕ್ಕಂತಿರಬೇಕು ಎಂದು ಟೈಪು ಮಾಡಿಸಿದರು. ಯಾರನ್ನು ಕುರಿತದ್ದು ಎಂದು ಅದರಲ್ಲಿ ಇರಲಿಲ್ಲ, ಇರುವ ಅಗತ್ಯವೂ ಇರಲಿಲ್ಲ. ನಾನೇ ಗೋಡೆಗೆ ಅಂಟಿಸಿದೆ. ನನಗೆ ಧೈರ್ಯ ಕಡಿಮೆ, ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಹದಿನೇಳಕ್ಕ ನೋಟಿಸನ್ನು ಎರಡು ಸಲ ಓದಿ ನೇರ ಅವರ ಕೋಣೆಗೆ ಹೋದಳು. ಬಾಗಿಲು ತೆರೆದೇ ಇತ್ತು. ಇದು ಯಾವ ನಿಯಮ, ಅದರ ನಂಬರು ಕೊಡಿ ಎಂದು ಕೇಳಿದಳು. ಮ್ಯಾನೇಜರು ನಿಯಮದ ಮಾತು ಬಿಟ್ಟು ಪ್ರಯಾಣಿಕರ ಮಾತಿಗೆ ಬಂದರು. ಇಂಥ ಕಾರು ಓಡಿಸುವವರು ಬಸ್ಸನ್ನೂ ಹಾಗೇ ಓಡಿಸುತ್ತಾರೆ ಎಂದು ಜನ ಹೆದರುತ್ತಾರಂತೆ.

"ನನ್ನ ಬಸ್ಸು ಎಷ್ಟು ಸ್ಪೀಡಲ್ಲಿ ಹೋಗಿದೆ ಅನ್ನೋದು ನಿಮ್ಮ ಕಂಪ್ಯೂಟರಲ್ಲೇ ಇದೆ ಸರ್. ತೆಗೆಸಿ ನೋಡಿ. ಆಮೇಲೆ ಹೆದರೋಣ."

ಅವರು ನನಗೆ ಹೇಳಿ ತೆಗೆಸಿದರು. ನಾನು ಕಂಪ್ಯೂಟರಿನಲ್ಲಿದ್ದಷ್ಟನ್ನೂ, ಅದಕ್ಕೂ ಹಿಂದಿನ ಹಳೆಯ ಕಡತಗಳನ್ನೂ ಮೇಜಿನ ಮೇಲಿಟ್ಟೆ. ಇಪ್ಪತ್ತಾರು ವರ್ಷದಲ್ಲಿ ಆಕೆಯ ಹೆಸರಿನ ಮುಂದೆ ಇದ್ದದ್ದು ಒಂದೇ ದೂರು. ಕೆಲಸಕ್ಕೆ ಸೇರಿದ ಮೂರನೇ ದಿನ ಡಿಪೋ ಗೇಟಿನ ಕಂಬಕ್ಕೆ ಬಸ್ಸು ತಾಗಿಸಿ ಗೀರು ಬೀಳಿಸಿದ್ದು. ಮ್ಯಾನೇಜರು ಹಾಳೆಗಳನ್ನು ಮಗುಚಿ ಮಗುಚಿ ನೋಡಿ ಪಕ್ಕಕ್ಕೆ ಸರಿಸಿದರು.

ಮುಂದಿನ ಸೋಮವಾರ ಗೇಟಿನ ಬಳಿಯ ಹಂಪ್ ಎತ್ತರವಾಗಿತ್ತು. ಸುರಕ್ಷತೆಗಾಗಿ ಎಂದು ಕಾರಣ ಬರೆಸಿದ್ದರು. ಬಸ್ಸುಗಳು ಆರಾಮಾಗಿ ದಾಟಿದವು. ಆಕೆಯ ಕಾರು ಓರೆಯಾಗಿ ಹತ್ತಿದರೂ ಹೊಟ್ಟೆ ಉಜ್ಜಿಕೊಂಡು ಕಿರ್ರೆಂದು ನಿಂತಿತು. ಮ್ಯಾನೇಜರು ಮೇಲಿನ ಕಿಟಕಿಯಲ್ಲಿ ಟೀ ಕುಡಿಯುತ್ತಿದ್ದರು. ಆಕೆ ನಿಧಾನವಾಗಿ ಹಿಂದಕ್ಕೆ ತೆಗೆದು, ರಸ್ತೆಯಲ್ಲಿ ಬಿಟ್ಟು, ನಡೆದು ಬಂದು ಸಹಿ ಮಾಡಿದಳು. ಸೋತಳು ಎಂದೇ ನಾನೂ ಅಂದುಕೊಂಡೆ.

ಮಂಗಳವಾರ ಪಕ್ಕದ ಸೀಟಿನಲ್ಲಿ ನಾಲ್ಕು ಮರದ ಹಲಗೆಗಳು ಕುಳಿತು ಬಂದವು. ಗೇಟಿನಲ್ಲಿ ಇಳಿದು, ಹಂಪಿನ ಆಚೆಗೂ ಈಚೆಗೂ ಎರಡೆರಡು ಇಟ್ಟು ಇಳಿಜಾರು ಮಾಡಿ, ಕಾರು ದಾಟಿಸಿ, ಮತ್ತೆ ಇಳಿದು ಹಲಗೆ ಎತ್ತಿಕೊಂಡಳು. ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ. ಮಧ್ಯಾಹ್ನದ ಹೊತ್ತು ಹಿಂದೆ ಮೂರು ನಾಲ್ಕು ಬಸ್ಸು ಕಾಯಬೇಕಾಗುತ್ತಿತ್ತು. ಹಾರನ್ ಹೊಡೆದೇ ಬದುಕುವ ನಮ್ಮ ಡ್ರೈವರುಗಳು ಆ ಎರಡು ನಿಮಿಷ ಇಂಜಿನ್ ಆರಿಸಿ ಸುಮ್ಮನೆ ಕೂರತೊಡಗಿದರು. ಯಾರೂ ಅವರಿಗೆ ಹೇಳಿಕೊಟ್ಟದ್ದಲ್ಲ. ಸಹಾಯ ಮಾಡಲು ಇಳಿದವನೊಬ್ಬನನ್ನು ಆಕೆ ವಾಪಸು ಕಳಿಸಿದಳು. ಹಲಗೆ ತನ್ನದು, ಬೆನ್ನೂ ತನ್ನದೇ ಎಂದಳಂತೆ.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಅಣ್ಣ ನಿಜವಾಗಿಯೂ ಹದಿನೇಳನೇ ಬಸ್ಸು ಹತ್ತಿದ. ಜೊತೆಯಲ್ಲಿ ಬೀಗರು, ಮೂರು ಪೆಟ್ಟಿಗೆ. ತಂಗಿಯ ಮುಖ ನೋಡದೆ ಟಿಕೆಟ್ ಪಡೆದು ಹಿಂದೆ ಹೋಗಿ ಕುಳಿತ. ಹದಿನೇಳಕ್ಕ ಅವನ ಸ್ಟಾಪಿನಲ್ಲಿ ಮೂರೂ ಪೆಟ್ಟಿಗೆ ಇಳಿಯುವವರೆಗೆ ಬ್ರೇಕಿನಿಂದ ಕಾಲು ತೆಗೆಯಲಿಲ್ಲ. ಬೀಗರು ಇಳಿಯುವಾಗ, ಎಷ್ಟು ನಯವಾಗಿ ಓಡಿಸುತ್ತಾರೆ ಈಕೆ ಎಂದರಂತೆ. ಅಣ್ಣ ಬೇರೆ ದಾರಿ ಕಾಣದೆ, ನನ್ನ ತಂಗಿ ಎಂದ.

ಮೂರು ವಾರ ಹಲಗೆಯ ಆಟ ನಡೆಯಿತು. ಆಮೇಲೆ ಮ್ಯಾನೇಜರು ಕೊನೆಯ ಅಸ್ತ್ರ ತೆಗೆದರು. ಆಡಳಿತದ ಅನುಕೂಲಕ್ಕಾಗಿ ವರ್ಗಾವಣೆ. ಆಕೆಯ ಮನೆಯಿಂದ ನಲವತ್ತೆರಡು ಕಿಲೋಮೀಟರ್ ಆಚೆಯ ಸಣ್ಣ ಡಿಪೋ. ಕಾಗದವನ್ನು ಆಕೆಗೆ ಕೊಟ್ಟದ್ದೂ ನಾನೇ. ಆಕೆ ಓದಿದಳು, ಮಡಚಿದಳು, ಜೇಬಿಗೆ ಹಾಕಿದಳು.

"ಕೆರೆ ಏರಿ ಮೇಲೆ ಹೋಗೋ ರಸ್ತೆ ಅಲ್ವಾ?" ಎಂದಳು.

"ಹೌದಕ್ಕ. ಯೂನಿಯನ್‌ಗೆ ಹೇಳಿ. ಇಲ್ಲ, ಸಾಹೇಬರನ್ನ ಒಂದು ಮಾತು ಕೇಳಿ. ಕಾರು ಮನೇಲಿಟ್ಟರೆ ಆರ್ಡರ್ ಹರಿದು ಹಾಕ್ತಾರಂತೆ."

"ನಾನು ಬೇಡ್ಕೊಂಡು ಬರ್ತೀನಿ ಅಂತ ಕಾಯ್ತಿದ್ದಾರೆ. ಕಾಯಲಿ ಬಿಡು."

ಮನೆಯಲ್ಲಿ ಮಾತ್ರ ಅಷ್ಟು ಸುಲಭವಾಗಲಿಲ್ಲ. ಮಾತು ಕಡಿಮೆಯ ಗಂಡ ಅಂದು ಕೂಗಾಡಿದರು. ಹೋಗಿ ಬರುವುದು ಸೇರಿದರೆ ಎಂಬತ್ತನಾಲ್ಕು ಕಿಲೋಮೀಟರ್, ಲಾರಿಗಳಿಗೆ ಕಣ್ಣಿಗೂ ಕಾಣದ ಗಾಡಿ, ನಡುವೆ ಏನಾದರೂ ಆದರೆ ಯಾರಿಗೆ ತಿಳಿಯುತ್ತದೆ ಎಂದರು. ಅವರದು ನಾಚಿಕೆಯಲ್ಲ, ಭಯ ಎಂಬುದು ಆಕೆಗೆ ಅಂದೇ ಅರ್ಥವಾದದ್ದಂತೆ. ಆಕೆ ಅವರ ಎದುರು ಕುಳಿತು ಹೇಳಿದ್ದನ್ನು ನನಗೂ ಹೇಳಿದ್ದಳು:

"ಇಪ್ಪತ್ತಾರು ವರ್ಷ ಅವರು ಹಾಕಿಕೊಟ್ಟ ದಾರೀಲಿ ಹೋದೆ. ಸ್ಟಾಪಿನ ಕಂಬ ಇದ್ದಲ್ಲಿ ನಿಂತೆ, ಬೆಲ್ ಹೊಡೆದಾಗ ಹೊರಟೆ. ರಜೆ ದಿನ ನಿಮ್ಮವರು ನಮ್ಮವರು ಹೇಳಿದ ಕಡೆ ಹೋದೆ. ಇದೊಂದರಲ್ಲಿ ನನಗೆ ಯಾರೂ ಬೆಲ್ ಹೊಡೆಯಲ್ಲ ರೀ. ಇದನ್ನ ಮಾತ್ರ ಬಿಡು ಅನ್ನಬೇಡಿ."

ಗಂಡ ಎದ್ದು ಮಲಗಲು ಹೋದರು. ಆದರೆ ಮರುದಿನ ಅಂಗಡಿಯಲ್ಲಿ ಗಾಜು ಉಜ್ಜಿ, ತಿಳಿಕಂದು ಬಣ್ಣ ಹಾಕಿ, ಆಕೆಯ ಕಣ್ಣಿನ ನಂಬರಿಗೆ ಒಂದು ಕನ್ನಡಕ ಮಾಡಿ ತಂದರು. ಆ ದಾರಿ ಪೂರ್ವಕ್ಕೆ ಹೋಗುತ್ತದೆ, ಬೆಳಗ್ಗೆ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆ ಎಂದರು. ಭಾನುವಾರ ದಾರಿ ನೋಡಿ ಬರಲು ಆಕೆ ಹೊರಟಾಗ ಅವರೂ ಬಂದು ಪಕ್ಕದಲ್ಲಿ ಕುಳಿತರು. ಮೊಣಕಾಲು ಎದೆಗೆ ತಾಗುತ್ತಿತ್ತು. ಕೆರೆ ಏರಿಯ ಮೇಲೆ ಬಂದಾಗ, ಸ್ವಲ್ಪ ಜೋರಾಗಿ ಹೋಗಬಹುದೇನೋ ಎಂದರಂತೆ. ಆಕೆ ಹೋಗಲಿಲ್ಲ. ರಸ್ತೆಯ ಬದಿಯಲ್ಲಿ ಅರವತ್ತು ಎಂದು ಬರೆದಿತ್ತು.

ಹೊಸ ಡಿಪೋದ ಎರಡನೇ ವಾರ ಅದೇ ಏರಿಯ ಮೇಲೆ ಕ್ಲಚ್ ಕೇಬಲ್ ಹರಿಯಿತು. ಹಾಲಿನ ವ್ಯಾನು ಹತ್ತಿ ಐವತ್ತು ನಿಮಿಷ ತಡವಾಗಿ ಹೋದಳು. ಅರ್ಧ ದಿನ ಗೈರುಹಾಜರಿ ಬಿತ್ತು. ಸುದ್ದಿ ನಮ್ಮ ಮ್ಯಾನೇಜರಿಗೂ ತಲುಪಿತು. ಅವರು ಆ ದಿನ ಎಲ್ಲರಿಗೂ ಟೀ ತರಿಸಿದರು. ಸಂಜೆ ನಮ್ಮ ಹೆಡ್ ಮೆಕ್ಯಾನಿಕ್ ತನ್ನ ಸ್ಕೂಟರಿನಲ್ಲಿ ಅಲ್ಲಿಗೆ ಹೋಗಿ, ರಸ್ತೆಯ ಮೇಲೆ ಅಂಗಾತ ಮಲಗಿ ಕೇಬಲ್ ಹಾಕಿಕೊಟ್ಟು ಬಂದ. ಮರುದಿನ ಆಕೆ ಅದೇ ಕಾರಿನಲ್ಲಿ, ಇಪ್ಪತ್ತು ನಿಮಿಷ ಮೊದಲೇ ಹಾಜರಿದ್ದಳು. ಅಂದಿನಿಂದ ಒಂದು ಕೇಬಲ್ ಹೆಚ್ಚಿಗೆ ಇಟ್ಟುಕೊಂಡು ಓಡಾಡುತ್ತಾಳೆ. ಅದನ್ನು ಹಾಕುವುದನ್ನೂ ಕಲಿತಳು.

ಇಲ್ಲಿ ಹದಿನೇಳನೇ ನಂಬರಿಗೆ ಮೂರು ಜನ ಬಂದು ಹೋದರು. ಒಬ್ಬನಿಗೆ ಮಾರುಕಟ್ಟೆಯ ತಿರುವು ಒಗ್ಗಲಿಲ್ಲ, ಒಬ್ಬ ಎರಡು ಕನ್ನಡಿ ಒಡೆದ, ಮೂರನೆಯವನು ಹೇಳದೆ ಕೇಳದೆ ಬಿಟ್ಟ. ಪ್ರಯಾಣಿಕರ ಕಾಗದಗಳು ಬರತೊಡಗಿದವು. ಈ ಸಲ ನಿಜವಾದ ಪ್ರಯಾಣಿಕರು, ಕೆಳಗೆ ಹೆಸರು ವಿಳಾಸ ಎಲ್ಲ ಇತ್ತು. ಆರು ತಿಂಗಳಾದ ಮೇಲೆ ಒಂದು ಬೆಳಗ್ಗೆ ಮ್ಯಾನೇಜರು ಹದಿನೇಳಕ್ಕ ಇರುವ ಡಿಪೋಗೆ ಫೋನು ಹಚ್ಚಿ ಆಕೆಯನ್ನು ಕರೆಸಲು ಹೇಳಿದರು. ಹಚ್ಚಿ ಕೊಟ್ಟೆ, ನನ್ನ ಕಡೆಯ ರಿಸೀವರನ್ನು ಕೆಳಗಿಡಲಿಲ್ಲ. ಜೀವಮಾನದಲ್ಲಿ ನಾನು ಮಾಡಿದ ಒಂದೇ ಧೈರ್ಯದ ಕೆಲಸ ಅದು.

ಮ್ಯಾನೇಜರು ಆಕೆಯ ಆರೋಗ್ಯ ವಿಚಾರಿಸಿದರು. ದಿನಾ ಅಷ್ಟು ದೂರ ಓಡಾಡುವುದು ಕಷ್ಟವಾಗುತ್ತಿರಬೇಕು, ಮಾನವೀಯತೆಯಿಂದ ವಾಪಸು ಕರೆಸಿಕೊಳ್ಳಲು ಸಿದ್ಧನಿದ್ದೇನೆ, ಒಂದು ಅರ್ಜಿ ಬರೆದುಕೊಟ್ಟರೆ ಸಾಕು ಎಂದರು. ಕಾರಿನ ಬಗ್ಗೆಯೂ ತಮ್ಮದೇನೂ ಅಭ್ಯಂತರವಿಲ್ಲ ಎಂದು ಕೊನೆಗೆ ಸೇರಿಸಿದರು.

"ಅರ್ಜಿ ಯಾಕೆ ಸರ್," ಎಂದಳು ಹದಿನೇಳಕ್ಕ. "ನಾನು ಹೋಗ್ತೀನಿ ಅಂತಲೂ ಬರೆದುಕೊಟ್ಟಿರಲಿಲ್ಲ, ಬರ್ತೀನಿ ಅಂತಲೂ ಬರೆಯಲ್ಲ. ಇಲ್ಲೇ ಸರಿಯಿದೆ. ದಾರಿ ಚೆನ್ನಾಗಿದೆ."

ಮ್ಯಾನೇಜರು ಫೋನಿಟ್ಟು, ಹದಿನೇಳನೇ ನಂಬರಿಗೆ ನಾಲ್ಕನೆಯವನನ್ನು ಹುಡುಕಲು ನನಗೆ ಹೇಳಿದರು. ಮುಂದಿನ ವರ್ಷ ಅವರಿಗೂ ವರ್ಗವಾಯಿತು. ಗೇಟಿನ ಹಂಪ್ ಮಾತ್ರ ಹಾಗೇ ಇದೆ, ಅದನ್ನು ತಗ್ಗಿಸಲು ಯಾರ ಸಹಿ ಬೇಕೆಂದು ಯಾರಿಗೂ ಗೊತ್ತಿಲ್ಲ. ಹದಿನೇಳಕ್ಕನಿಗೆ ನಿವೃತ್ತಿಗೆ ಇನ್ನೂ ಎರಡು ವರ್ಷವಿದೆ. ಅವಳಿಗೀಗ ಅಲ್ಲಿ ನಾಲ್ಕನೇ ನಂಬರಿನ ಬಸ್ಸು ಕೊಟ್ಟಿದ್ದಾರೆ. ಅಲ್ಲಿಯ ಹುಡುಗರು ನಾಲ್ಕಕ್ಕ ಎನ್ನುತ್ತಾರಂತೆ.