ಕಿತ್ತುಕೊಂಡ ಪಿನ್ನು

ಕೋಲ್ಮನ್ ಹದಿನಾರನೇ ವಯಸ್ಸಿಗೇ ಮದ್ಯ ಮುಟ್ಟುವುದಿಲ್ಲವೆಂದು ಚರ್ಚಿನಲ್ಲಿ ಪ್ರತಿಜ್ಞೆ ಮಾಡಿದವನು. ಅದರ ಗುರುತಿನ ಪುಟ್ಟ ಪಿನ್ನು ಐವತ್ತೆಂಟು ವರ್ಷ ಅವನ ಕೋಟಿನ ಮೇಲಿತ್ತು. ಐರ್ಲೆಂಡಿನ ಆ ಕಡಲೂರಿನಲ್ಲಿ ಮೂರು ಪಬ್ಬುಗಳಿದ್ದರೂ ಅವನು ಕುಡಿದದ್ದು ಬರೀ ಚಹಾ. ಆ ಪಿನ್ನನ್ನು ಈ ಸಲದ ಈಸ್ಟರ್ ಹಬ್ಬದ ದಿನವೇ ಕಿತ್ತುಕೊಂಡವಳು ಅವನ ಹೆಂಡತಿ ಅಟ್ರಾಕ್ಟಾ.

ಅವಳಿಗೂ ಕಾರಣವಿತ್ತು ಅನ್ನಿ. ಸಂಜೆ ಇಬ್ಬರೂ ಜಪಮಾಲೆ ಹೇಳುವಾಗ ಅವನು ನಡುವೆಯೇ ನಿಲ್ಲಿಸಿಬಿಡುತ್ತಿದ್ದ. ಗೋಡೆ ದಿಟ್ಟಿಸುತ್ತ, ತುಟಿ ಚಪ್ಪರಿಸುತ್ತ ಅಂಗಿಯ ಗುಂಡಿ ತಡಕುತ್ತಿದ್ದ. ಎರಡು ನಿಮಿಷದ ಮೇಲೆ ಮಾತು ಬಂದರೂ ನಾಲಿಗೆ ತೊದಲುತ್ತಿತ್ತು, ಅಡುಗೆಮನೆ ಯಾವ ಕಡೆಯೆಂದೂ ತಿಳಿಯುತ್ತಿರಲಿಲ್ಲ. ಅಟ್ರಾಕ್ಟಾಳ ಅಪ್ಪ ಕುಡಿದು ಕುಡಿದೇ ಸತ್ತವನು. ತೊದಲು ಮಾತು ಕೇಳಿದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

“ಎಲ್ಲಿ ಬಚ್ಚಿಟ್ಟಿದ್ದೀಯ ಬಾಟ್ಲಿ? ಮೇರಿಮಾತೆ ಎದುರಿಗೇ ಹೀಗಾಡ್ತೀಯಲ್ಲ, ನಾಚಿಕೆ ಆಗಲ್ವ?”

“ಕುಡಿದಿಲ್ಲ ಕಣೇ,” ಅನ್ನುತ್ತಿದ್ದ ಮೊದಮೊದಲು. ಆಮೇಲೆ ಅದನ್ನೂ ಬಿಟ್ಟ.

ಕುಡಿತ ಬಿಡಿಸಿಕೊಡಿ ಎಂದು ಅವಳೇ ಅವನನ್ನು ಡಾಕ್ಟರ್ ಡೆವೇನ್ ಬಳಿಗೆ ಎಳೆದೊಯ್ದಳು. ಸಾಕ್ಷಿಗೆಂದು ಫೋನಿನಲ್ಲಿ ಹಿಡಿದಿದ್ದ ವಿಡಿಯೊ ತೋರಿಸಿದಳು. ಡಾಕ್ಟರಮ್ಮ ಎರಡು ಸಲ ನೋಡಿದರು.

“ಇದು ಕುಡಿತ ಅಲ್ಲಮ್ಮ. ಮೂರ್ಛೆರೋಗ ಇದ್ದ ಹಾಗಿದೆ.”

“ಬೀಳಲಿಲ್ಲ, ಒದ್ದಾಡಲಿಲ್ಲ, ಇದೆಂಥ ಮೂರ್ಛೆ?”

“ವಯಸ್ಸಾದವರಿಗೆ ಎಷ್ಟೋ ಸಲ ಹೀಗೇ ಬರೋದು. ಮಂಕು ಅಂತಾರೆ, ಮರೆವು ಅಂತಾರೆ. ನೀವು ಕುಡಿತ ಅಂದ್ರಿ.”

ದೊಡ್ಡಾಸ್ಪತ್ರೆಯವರೂ ಅದನ್ನೇ ಹೇಳಿದರು. ಯಾವಾಗಲೋ ಸದ್ದಿಲ್ಲದೆ ಆಗಿದ್ದ ಸಣ್ಣ ಪಾರ್ಶ್ವವಾಯುವಿನ ಕಲೆ ಮಿದುಳಿನ ಸ್ಕ್ಯಾನಿನಲ್ಲಿ ಸಿಕ್ಕಿತು; ಮೂರ್ಛೆಗೆ ಅದೇ ಮೂಲವಂತೆ. ಮಾತ್ರೆ ಶುರುವಾದ ಮೇಲೆ ಎರಡು ತಿಂಗಳು ಒಮ್ಮೆಯೂ ಹಾಗಾಗಲಿಲ್ಲ.

ಅಟ್ರಾಕ್ಟಾಳಿಗೆ ಮಾತ್ರ ಊಟ ಸೇರುತ್ತಿರಲಿಲ್ಲ. ಒಂದು ಭಾನುವಾರ ಚರ್ಚಿಗೆ ಹೊರಟಾಗ ಹೊಲಿಗೆ ಡಬ್ಬಿಯಲ್ಲಿ ಬಚ್ಚಿಟ್ಟಿದ್ದ ಅವನ ಪಿನ್ನು ತೆಗೆದು ತಂದಳು. ಅವನು ಕೋಟಿನ ಮೇಲೆ ಕೈ ಅಡ್ಡ ಇಟ್ಟ.

“ಬೇಡ ಕಣೇ. ಪ್ರತಿಜ್ಞೆ ಮುರಿದೆ ಅಂತ ಫಾದರ್ ಹತ್ರ ತಪ್ಪೊಪ್ಪಿಕೊಂಡಿದ್ದೀನಿ. ಪ್ರತಿ ಶನಿವಾರ.”

“ಕುಡಿಯದೇನೇ?”

“ನಂಗೇನೂ ನೆನಪಿರ್ತಿರಲಿಲ್ಲ. ನೀನು ಸುಳ್ಳು ಹೇಳೋಳಲ್ಲ. ಕುಡಿದೇ ಇರ್ಬೇಕು ಅಂದ್ಕೊಂಡೆ.”

ಅಟ್ರಾಕ್ಟಾಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಚರ್ಚಿನ ಬಾಗಿಲಲ್ಲಿ ನಿಂತಿದ್ದ ಫಾದರ್ ಕೈಗೆ, ಊರವರೆಲ್ಲ ನೋಡುತ್ತಿರುವಾಗಲೇ, ಪಿನ್ನು ಇಟ್ಟಳು.

“ನೀವೇ ಹಾಕಿ ಇವನಿಗೆ, ಫಾದರ್. ಇಷ್ಟು ದಿನ ಇವನು ನಿಮ್ಮ ಹತ್ರ ಹೇಳ್ಕೊಂಡಿದ್ದು ನನ್ನ ಪಾಪ.”