ಹಸಿರು ಗೆರೆ

ಎಡಕ್ಕೆ ತಿರುಗಿದರೆ ನಲವತ್ತೆರಡು ಕಿಲೋಮೀಟರು ಸುತ್ತು. ನೇರ ಹೋದರೆ ಊಟದ ಹೊತ್ತಿಗೆ ಮನೆ. ಕವಲಿನಲ್ಲಿ ಕಾರು ನಿಲ್ಲಿಸಿ ಅವನು ಸ್ಟಿಯರಿಂಗ್ ಮೇಲೆ ಬೆರಳು ಬಡಿಯುತ್ತ ಕೂತ.

"ಯಾಕೆ, ಪೆಟ್ರೋಲ್ ಮುಗೀತಾ?" ಎಂದಳು ಹೆಂಡತಿ. ಅವಳ ಅಕ್ಕನ ಮನೆಯಿಂದ ಹಿಂತಿರುಗುತ್ತಿದ್ದರು.

"ಇಲ್ಲ. ಈ ರಸ್ತೆ ನೋಡ್ಬೇಕಿತ್ತು. ಆಫೀಸಿನ ಕೆಲಸ."

"ಭಾನುವಾರಾನೂ?"

ಅವನ ಕಚೇರಿ ವಾಹನ ಓಡಿಸುವವರಿಗಾಗಿ ರಸ್ತೆ ನಕ್ಷೆ ಅಚ್ಚು ಹಾಕುತ್ತಿತ್ತು. ಸುತ್ತಾದರೂ ಹೋಗಿ ನೋಡಬೇಕಾದ ರಸ್ತೆಯ ಪಕ್ಕಕ್ಕೆ ಒಂದು ಹಸಿರು ಗೆರೆ. ಗೆರೆ ಎಳೆದವನು ಕಾರಣ ಬರೆದು ಸಹಿ ಮಾಡಬೇಕು. ನಾಲ್ಕು ವರ್ಷಕ್ಕೊಮ್ಮೆ ಹೊಸ ಮುದ್ರಣ ಬಂದಾಗ ಅವನೇ ಮತ್ತೆ ಹೋಗಿ ನೋಡಿ 'ಇರಲಿ' ಅಥವಾ 'ತೆಗೆಯಿರಿ' ಎಂದು ಬರೆಯಬೇಕು. ಯಾರೂ ಹೋಗುತ್ತಿರಲಿಲ್ಲ. ಕೂತಲ್ಲೇ 'ಇರಲಿ' ಎಂದು ಬರೆಯುವುದು ರೂಢಿ. ಈ ರಸ್ತೆಗೆ ಅವನೂ ಐದು ಸಲ ಹಾಗೆಯೇ ಬರೆದಿದ್ದ. ಪ್ರತಿ ಸಲವೂ ಯಾರಾದರೂ ಬಂದು ಕೇಳಿಯಾರೆಂದು ವಾರಗಟ್ಟಲೆ ಹೆದರಿದ್ದ. ಯಾರೂ ಕೇಳಿರಲಿಲ್ಲ.

ಆರನೆಯ ಹಾಳೆಯನ್ನು ನಾಳೆ ಒಪ್ಪಿಸಬೇಕು. ನೋಡದೆ ಬರೆಯುವುದು ತಪ್ಪಲ್ಲವೇ ಎಂದು ಕೇಳಿದ್ದಕ್ಕೆ ಮೇಲಧಿಕಾರಿ ನಕ್ಕಿದ್ದರು. "ಹಸಿರು ಹಾಕಿದೋರು ನೀವು. ಹೋಗಿ ಮೇಯ್ದು ಬನ್ನಿ."

"ಈ ರಸ್ತೆ ನೆನಪಿದೆಯಾ?" ಎಂದ.

"ಯಾವುದು?"

"ನಿನ್ನನ್ನ ಮೊದಲನೇ ಸಲ ಮನೆಗೆ ಕರ್ಕೊಂಡ್ ಬಂದಿದ್ದು. ಭಾವನ ಕಾರಲ್ಲಿ."

"ಓ, ಕುದೀತಲ್ಲ, ಆ ಡಬ್ಬ."

ಕೆರೆಯ ತಿರುವಿನಲ್ಲಿ ರೇಡಿಯೇಟರ್ ಕುದಿದು ಒಂದು ಗಂಟೆ ನಿಂತಿದ್ದರು. ಅವಳು ಚಪ್ಪಲಿ ಬಿಟ್ಟು ಮೋರಿಯ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. ಗಾಳಿಗೆ ಕೂದಲು ಬಾಯೊಳಗೆ ಹೋಗುತ್ತಿತ್ತು. ನೀರಿನ ಕಡೆ ನೋಡುತ್ತಲೇ, "ಇಲ್ಲೇ ಇದ್ದುಬಿಡೋಣ" ಎಂದಿದ್ದಳು. ಮರುವಾರ ಅವನು ಗೆರೆ ಎಳೆದ. ಕಾರಣ: 'ತಿರುವಿನಲ್ಲಿ ಕೆರೆ ಕಾಣುತ್ತದೆ. ನಿಲ್ಲದೆ ಹೋಗಲಾಗದು.' ಕಾರಿಗಂತೂ ಆಗಿರಲಿಲ್ಲ.

ಇಪ್ಪತ್ತನಾಲ್ಕು ವರ್ಷ ಅದೊಂದು ಮಾತು ಅವನನ್ನು ಸಾಕಿತ್ತು. ಜಗಳವಾದಾಗ, ಅವಳು ವಾರಗಟ್ಟಲೆ ಹೂಂ ಉಹೂಂಗಳಲ್ಲೇ ಸಂಸಾರ ನಡೆಸಿದಾಗ, ಅವನು ಮನಸ್ಸಿನಲ್ಲೇ ಆ ಕಟ್ಟೆಗೆ ಹೋಗಿ ಕೂತು ಬರುತ್ತಿದ್ದ.

ಕೆರೆ ಬತ್ತಿದ್ದರೆ 'ತೆಗೆಯಿರಿ' ಎನ್ನಬಹುದು. ಕೆರೆ ತುಂಬಿದ್ದೂ ಅವಳು ಕಾರಿನಿಂದ ಇಳಿಯದಿದ್ದರೆ ಏನು ಬರೆಯುವುದು?

"ಅವತ್ತು ನೀನೊಂದು ಮಾತು ಹೇಳಿದ್ದೆ."

"ಇಲ್ಲೇ ಇದ್ದುಬಿಡೋಣ ಅಂದಿದ್ದೆ."

ಅವನ ಬೆರಳು ನಿಂತಿತು. ಅವಳಿಗೂ ನೆನಪಿತ್ತು.

"ಭಯ ರೀ," ಎಂದಳು ಅವಳು, ಚೀಲದಲ್ಲಿ ಕನ್ನಡಕ ಹುಡುಕುತ್ತ. "ನಿಮ್ಮಮ್ಮ, ಮೂರು ಜನ ಅಕ್ಕಂದಿರು. ಆ ಮನೆ ಬಾಗಿಲಿಗೆ ಹೋಗೋ ಭಯ. ಕಾರು ಸರಿಯಾಗದೇ ಇರಲಪ್ಪಾ ಅಂತ ಬೇಡ್ಕೋತಾ ಕೂತಿದ್ದೆ. ನೀವು ನೋಡಿದ್ರೆ ಓಡೋಡಿ ನೀರು ತಂದು ಸುರೀತಿದ್ರಿ."

"ಹೇಳಲೇ ಇಲ್ಲ ನೀನು."

"ನೀವು ಕೇಳಿದ್ರಾ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು ಎನಿಸಿತು ಅವನಿಗೆ.

"ಆಮೇಲೆ ಅಭ್ಯಾಸ ಆಯ್ತು ಬಿಡಿ. ಈಗೇನು, ಹೋಗೋದಾ ಬೇಡ್ವಾ?"

"ನಿನಗೆ ನೋಡ್ಬೇಕು ಅನ್ಸುತ್ತಾ?"

"ನಿಮಗೆ ಅನ್ಸಿದ್ರೆ ಹೋಗೋಣ."

ಅಡ್ಡಗೋಡೆಯ ಮೇಲೆ ದೀಪ. ಮನೆಯಲ್ಲಿ ಇಷ್ಟು ವರ್ಷ ಉರಿದದ್ದು ಅದೇ.

ಹಿಂದೆ ಒಂದು ಕಾರು ಬಂದು ನಿಂತಿತು. ಹಾರನ್ ಹೊಡೆಯಲಿಲ್ಲ. ಓಡಿಸುತ್ತಿದ್ದ ಗಂಡಸು ಇಳಿದು ಕಿಟಕಿಯ ಹತ್ತಿರ ಬಂದ. ಕೈಯಲ್ಲಿ ನಕ್ಷೆ.

"ಕೆರೆ ತಿರುವಿಗೆ ಇದೇ ದಾರೀನಾ ಸಾರ್?"

"ಹೌದು."

"ಸುತ್ತು ಜಾಸ್ತಿ ಅಂತಾಳೆ ನಮ್ಮನೆಯವಳು. ಹೋಗೋವಷ್ಟಿದೆಯಾ?"

ಅವನು ಬಾಯಿ ತೆರೆದ. ಹೆಂಡತಿ ಕನ್ನಡಕ ಹಾಕಿಕೊಂಡು ಅವನನ್ನೇ ನೋಡುತ್ತಿದ್ದಳು, ನಿಜಕ್ಕೂ ಕುತೂಹಲದಿಂದ.

ಬಂದವನು ತಾನೇ ಉತ್ತರ ಕಂಡುಕೊಂಡ. "ನೀವೂ ಅದಕ್ಕೇ ಬಂದಿರೋದು ಅನ್ಸುತ್ತೆ. ಮುಂದೆ ಹೋಗಿ ಸಾರ್, ನಿಮ್ಮ ಹಿಂದೆ ಬರ್ತೀವಿ."

ಅವನು ಗೇರು ಹಾಕಿ ಒಂದು ಮಾರು ಮುಂದೆ ಸರಿದ. ಕನ್ನಡಿಯಲ್ಲಿ ಅವರೂ ಒಂದು ಮಾರು ಸರಿದರು. ಅವನು ನಿಂತ. ಅವರೂ ನಿಂತರು. ಅವರ ಬೆನ್ನಿಗೆ ಇನ್ನೊಂದು ಕಾರು ಬಂದು, ಏನನ್ನೂ ಕೇಳದೆ, ಸಾಲಿನಲ್ಲಿ ನಿಂತಿತು.